ಕೈಯಲ್ಲಿ ಡಾಲರ್, ಗಾಡಿಯಲ್ಲಿ ಪೆಟ್ರೋಲಿಲ್ಲ: ಅಮ್ಮನ ಜೊತೆ ಆಗಸ್ಟ್ 2022ರ ಶ್ರೀಲಂಕಾ

ಶ್ರೀಲಂಕಾದಿಂದ ವಾಪಸ್ ಬಂದ ಮೇಲೆ ಸಿಕ್ಕವರೆಲ್ಲ ಕೇಳ್ತಿರೋದು ದುಡ್ಡಿನ ವಿಷಯ. ಎಷ್ಟು ಒಯ್ಯಬೇಕು, ಎಲ್ಲಿ ಬದಲಾಯಿಸಬೇಕು, ಈಗ ಎಲ್ಲ ಅಗ್ಗವಂತೆ ಹೌದಾ? ನಿಜ ಹೇಳಬೇಕಂದ್ರೆ ದುಡ್ಡಿನ ತಲೆನೋವು ಕೊಲಂಬೊ ವಿಮಾನ ನಿಲ್ದಾಣದಲ್ಲೇ ಮುಗಿದುಹೋಯಿತು. ಆಮೇಲೆ ನಮ್ಮನ್ನು ಸುಸ್ತು ಮಾಡಿದ್ದು ಪೆಟ್ರೋಲು, ಕರೆಂಟು ಮತ್ತು ರೈಲು. ಅವು ದುಡ್ಡು ಕೊಟ್ಟರೂ ನಮಗೆ ಬೇಕಾದ ಹೊತ್ತಿಗೆ ಸಿಗ್ತಿರಲಿಲ್ಲ. ಮುಂದೆ ಹೊರಡುವವರಿಗೆ ಉಪಯೋಗಕ್ಕೆ ಬರಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೀತಿದ್ದೀನಿ. ದರ, ಬೆಲೆ, ನಿಯಮ ಎಲ್ಲ 2022ರ ಆಗಸ್ಟಿನವು.

ಅಮ್ಮನಿಗೆ ಬೆಟ್ಟದ ಊರು ನುವಾರ ಎಲಿಯ ಹತ್ತಿರದ ಸೀತಾ ಎಲಿಯ ದೇವಸ್ಥಾನ ನೋಡಬೇಕು ಅನ್ನೋದು ಬಹಳ ವರ್ಷದ ಆಸೆ. ಫೆಬ್ರವರಿಯಲ್ಲಿ ಟಿಕೆಟ್ ತೆಗೆದಾಗ ಒಂದು ಡಾಲರಿಗೆ ಅಲ್ಲಿ ಸುಮಾರು 200 ರೂಪಾಯಿ. ಮಾರ್ಚ್ 7ಕ್ಕೆ ಅವರ ಕೇಂದ್ರ ಬ್ಯಾಂಕು ರೂಪಾಯಿಯನ್ನು ಕಟ್ಟಿಹಾಕಿದ್ದ ಹಗ್ಗ ಬಿಟ್ಟಿತು, ಅಂದರೆ ಒಂದೇ ದರಕ್ಕೆ ಹಿಡಿದಿಡೋದನ್ನು ನಿಲ್ಲಿಸಿತು. ಮೇ ಹೊತ್ತಿಗೆ ಡಾಲರು 360ಕ್ಕೆ ಹೋಗಿತ್ತು. ಮಾರ್ಚ್ ಕೊನೆಗೆ ದಿನಕ್ಕೆ 13 ಗಂಟೆ ಕರೆಂಟ್ ಕಡಿತ, ಏಪ್ರಿಲ್ 12ಕ್ಕೆ ವಿದೇಶಿ ಸಾಲ ಸದ್ಯ ತೀರಿಸೋಕ್ಕಾಗಲ್ಲ ಅನ್ನೋ ಘೋಷಣೆ. ನಾವು ಪ್ರಯಾಣ ಮುಂದೂಡಿದೆವು. ಜೂನ್ ಕೊನೆಯಿಂದ ಅಗತ್ಯ ಸೇವೆಗಳಿಗೆ ಬಿಟ್ಟರೆ ಬೇರೆ ಯಾರಿಗೂ ಇಂಧನ ಕೊಡೋದನ್ನೇ ನಿಲ್ಲಿಸಿದರು. ಜುಲೈ 9ರಂದು ಜನ ಅಧ್ಯಕ್ಷರ ಅರಮನೆಗೆ ನುಗ್ಗಿ ಈಜುಕೊಳದಲ್ಲಿ ಈಜಾಡೋದನ್ನು ಟಿವಿಯಲ್ಲಿ ನೋಡಿ ಅಮ್ಮನೇ, "ಟಿಕೆಟ್ ದುಡ್ಡು ಹೋದ್ರೆ ಹೋಗ್ಲಿ ಬಿಡೇ, ಜೀವ ಇದ್ರೆ ಮುಂದಿನ ವರ್ಷ ನೋಡೋಣ" ಅಂದಳು.

ಮನಸ್ಸು ಬದಲಾದದ್ದು ಎರಡು ಕಾರಣಕ್ಕೆ. ಆಗಸ್ಟ್ 1ರಿಂದ ದೇಶದಾದ್ಯಂತ ಕ್ಯೂಆರ್ ಕೋಡ್ ತೋರಿಸಿದರೆ ಮಾತ್ರ ಪೆಟ್ರೋಲ್ ಅನ್ನೋ ಪಡಿತರ ಬಂತು, ಬಂಕ್ ಮುಂದಿನ ಸಾಲು ಕರಗತೊಡಗಿತು. ಇನ್ನೊಂದು, ಕ್ಯಾಂಡಿಯಲ್ಲಿ ನಾವು ಬುಕ್ ಮಾಡಿದ್ದ ಹೋಂಸ್ಟೇ ಮನೆಯಾಕೆಯ ವಾಟ್ಸಾಪ್ ಸಂದೇಶ: ಬನ್ನಿ, ಇಲ್ಲಿ ಗಲಾಟೆ ಏನಿಲ್ಲ, ಪೆರಹೆರ ಉತ್ಸವ ಮುಗಿದ ಮೇಲೆ ಬಂದರೆ ಇನ್ನೂ ಒಳ್ಳೆಯದು. ಅದರ ಕೆಳಗೆ ಸಣ್ಣದಾಗಿ, ಮಕ್ಕಳ ಜ್ವರದ ಸಿರಪ್ ಎರಡು ಬಾಟಲಿ ತರೋಕ್ಕಾಗುತ್ತಾ ಅಂತ.

ಮೊದಲು ಕಾಗದಪತ್ರ. ವೀಸಾ ಅಂದರೆ ಆನ್‌ಲೈನಿನಲ್ಲಿ ತೆಗೆಯುವ ಇಟಿಎ ಅನ್ನೋ ಮುಂಗಡ ಅನುಮತಿ. ನಾವೂ ಸೇರಿರುವ ದಕ್ಷಿಣ ಏಷ್ಯಾದ ಸಾರ್ಕ್ ಕೂಟದ ದೇಶದವರಿಗೆ 2022ರಲ್ಲಿ 20 ಡಾಲರ್ ಇತ್ತು. ಶ್ರೀಲಂಕಾ ಸರ್ಕಾರದ ಸ್ವಂತ ತಾಣದಲ್ಲೇ ತೆಗೆಯಿರಿ. ಹುಡುಕಿದರೆ ಮೇಲೆ ಮೇಲೆ ಕಾಣಿಸೋ ಏಜೆಂಟರ ತಾಣಗಳು ಅದಕ್ಕೇ ಇನ್ನಷ್ಟು ಸೇರಿಸಿ ಕೀಳ್ತಾರೆ. ಆಗ ಕೋವಿಡ್ ಲಸಿಕೆ ಪ್ರಮಾಣಪತ್ರವನ್ನೂ ಪ್ರಿಂಟ್ ತೆಗೆದಿಟ್ಟುಕೊಂಡೆವು. ಪ್ರಯಾಣ ವಿಮೆ ಕೊಳ್ಳುವಾಗ ಗಲಭೆ, ಕರ್ಫ್ಯೂ, ವಿಮಾನ ರದ್ದು ಇವಕ್ಕೆ ಅನ್ವಯಿಸುತ್ತಾ ಅಂತ ಷರತ್ತು ಓದಿ ನೋಡಿ. ನಾನು ನೋಡಿದ ಮೂರರಲ್ಲಿ ಎರಡು ಪಾಲಿಸಿ, ದಂಗೆ ಗಲಭೆಗೆ ನಾವು ಹೊಣೆಯಲ್ಲ ಅಂತ ಸಣ್ಣಕ್ಷರದಲ್ಲಿ ಕೈತೊಳೆದುಕೊಂಡಿದ್ದವು. ಕಡಿಮೆ ಪ್ರೀಮಿಯಂ ಯಾಕೆ ಅಂತ ಆಗ ಅರ್ಥವಾಯಿತು.

ಔಷಧಿ ವಿಷಯದಲ್ಲಿ ಉಡಾಫೆ ಬೇಡ. ಅಮ್ಮನ ಬಿಪಿ ಮತ್ತು ಥೈರಾಯ್ಡ್ ಮಾತ್ರೆ ಬೇಕಾದಷ್ಟರ ಎರಡು ಪಾಲು ಕಟ್ಟಿಕೊಂಡು, ಡಾಕ್ಟರ ಚೀಟಿ ಮತ್ತು ಅಂಗಡಿ ಬಿಲ್ ಸಮೇತ ಕೈಚೀಲದಲ್ಲೇ ಇಟ್ಟೆವು. ಸಿರಪ್ ಬಾಟಲಿಗಳಿಗೂ ಬಿಲ್ ಇತ್ತು. ಅಮ್ಮ ತನ್ನ ಕಾಫಿಗೆ ಅಂತ ನಂದಿನಿ ಹಾಲಿನ ಪುಡಿ ಪ್ಯಾಕೆಟ್ ತುರುಕಿದಾಗ ನಾನು ಗೊಣಗಿದೆ. ಅಲ್ಲಿ ಹಾಲಿನ ಪುಡಿಗೇ ಬರ ಅನ್ನೋದು ಅವಳಿಗೆ ಟಿವಿ ನೋಡಿ ಗೊತ್ತಿತ್ತು. ಮೇ ತಿಂಗಳಲ್ಲಿ ತಮಿಳುನಾಡು ಸರ್ಕಾರ ಕಳಿಸಲು ಹೊರಟ ನೆರವಿನಲ್ಲಿ 40,000 ಟನ್ ಅಕ್ಕಿಯ ಜೊತೆ 500 ಟನ್ ಹಾಲಿನ ಪುಡಿಯೂ ಇತ್ತು.

ಇನ್ನು ದುಡ್ಡು. ಬೆಂಗಳೂರಿನಲ್ಲಿ ಶ್ರೀಲಂಕಾ ರೂಪಾಯಿ ಹುಡುಕೋಕೆ ಹೋಗಬೇಡಿ, ಸಿಕ್ಕರೂ ದರ ಕೆಟ್ಟದಾಗಿರುತ್ತೆ. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ಕೊಟ್ಟು ಡಾಲರ್ ತೆಗೆದುಕೊಳ್ಳಿ. ಮಡಿಸಿದ್ದು, ಪೆನ್ನಿನ ಗುರುತಿರೋದು, ಅಂಚು ಹರಿದದ್ದು ಬೇಡ ಅಂತ ಅಲ್ಲೇ ನಿಂತು ಆರಿಸಿಕೊಳ್ಳಿ. ನಾನು ಅರ್ಧ ನೂರರ ನೋಟು, ಅರ್ಧ ಇಪ್ಪತ್ತರದ್ದು ತೆಗೆದುಕೊಂಡೆ. ಇಪ್ಪತ್ತರವೇ ಹೆಚ್ಚು ಉಪಯೋಗಕ್ಕೆ ಬಂದವು. ನಮ್ಮ ರೂಪಾಯಿಯನ್ನು ದೇಶದಿಂದ ಹೊರಗೆ 25,000ದವರೆಗೆ ಒಯ್ಯಬಹುದು. ಕೊಲಂಬೊದ ಕೆಲವು ಅಂಗಡಿಯವರು ಅದನ್ನೂ ತೆಗೆದುಕೊಂಡರು.

ವಿಮಾನ ನಿಲ್ದಾಣ ಇರೋದು ಕಟುನಾಯಕದಲ್ಲಿ. ಹೊರಗೆ ಬರುವ ಮೊದಲೇ ಬ್ಯಾಂಕ್ ಕೌಂಟರುಗಳ ಸಾಲು. ಒಬ್ಬೊಬ್ಬರೂ ಕೈಬೀಸಿ ಕರೀತಾರೆ. ಆಗ ದರ ಡಾಲರಿಗೆ 355ರಿಂದ 360ರ ಆಸುಪಾಸು, ಒಂದಕ್ಕೂ ಇನ್ನೊಂದಕ್ಕೂ ಒಂದೆರಡು ರೂಪಾಯಿ ವ್ಯತ್ಯಾಸ. ಕಾಳಸಂತೆಯಲ್ಲಿ ಜಾಸ್ತಿ ಸಿಗುತ್ತೆ ಅನ್ನೋ ಮಾತು ಮಾರ್ಚಿಗೆ ಮುಂಚಿನದು. ಸರ್ಕಾರ 200ಕ್ಕೆ ಹಿಡಿದಿಟ್ಟಿದ್ದಾಗ ಹೊರಗೆ ಹೆಚ್ಚು ಸಿಗ್ತಿತ್ತು, ನಾವು ಹೋದಾಗ ಆ ಅಂತರ ಇರಲೇ ಇಲ್ಲ ಅನ್ನಬಹುದು. ಬೀದಿಯಲ್ಲಿ ಬದಲಾಯಿಸಿ ನಕಲಿ ನೋಟು ಇಟ್ಟುಕೊಳ್ಳೋ ಅಪಾಯ ಯಾಕೆ? ಬ್ಯಾಂಕಿನಲ್ಲಿ ಬದಲಾಯಿಸಿ ರಸೀದಿ ಜೋಪಾನ ಮಾಡಿ. ಒಂದೇ ಸಲಕ್ಕೆ ಎಲ್ಲವನ್ನೂ ಬದಲಾಯಿಸಬೇಡಿ. ಆಗ ನೂರು ಡಾಲರಿಗೇ ಮೂವತ್ತೈದು ಸಾವಿರ ಚಿಲ್ಲರೆ ಬರ್ತಿತ್ತು, ಅದೇ ಸುಮಾರು ದಿನ ನಡೀತಿತ್ತು. 5,000ದ ನೋಟು ಕಡಿಮೆ ಕೊಡಿ ಅಂತ ಕೇಳಿ, ಆಟೋದವರ ಹತ್ತಿರ ಚಿಲ್ಲರೆ ಇರೋದಿಲ್ಲ. ಆಗಿನ ಲೆಕ್ಕಕ್ಕೆ ಸುಲಭ ಸೂತ್ರ ಅಂದರೆ ನಮ್ಮ ಒಂದು ರೂಪಾಯಿಗೆ ಅವರದ್ದು ನಾಲ್ಕೂವರೆ.

ನಿಲ್ದಾಣದಿಂದ ಊರಿಗೆ 187 ನಂಬರಿನ ಬಸ್ಸಿದೆ, ಕೊಲಂಬೊ ಕೋಟೆ (ಫೋರ್ಟ್) ರೈಲು ನಿಲ್ದಾಣದ ಹತ್ತಿರ ಇಳಿಸುತ್ತೆ. ಟ್ಯಾಕ್ಸಿ ಆ್ಯಪ್‌ನಲ್ಲಿ ಒಪ್ಪಿಕೊಂಡ ಚಾಲಕರು ಎರಡು ಸಲ ರದ್ದು ಮಾಡಿದ ಮೇಲೆ ನಾವೂ ಬಸ್ಸೇ ಹತ್ತಿದೆವು. ಚಾಲಕರನ್ನು ಬೈಯೋ ಹಾಗಿಲ್ಲ. ಆಗಿನ ಪಡಿತರದಲ್ಲಿ ಆಟೋಗೆ ವಾರಕ್ಕೆ 5 ಲೀಟರ್, ಬೈಕಿಗೆ 4, ಕಾರು ವ್ಯಾನಿಗೆ 20 ಸಿಗ್ತಿತ್ತು. ಅಷ್ಟರಲ್ಲಿ ಏಳು ದಿನ ಸಂಪಾದನೆ ಮಾಡಬೇಕಿತ್ತು. ಹತ್ತಿರದ ಬಾಡಿಗೆಯಲ್ಲಿ ಗಿಟ್ಟುವ ದುಡ್ಡು ದೂರದ್ದರಲ್ಲಿ ಗಿಟ್ತಿರಲಿಲ್ಲ.

ತಮಾಷೆ ಅಂದರೆ ಆಗ ಬಂಕಿನಲ್ಲಿ ಪೆಟ್ರೋಲ್ ಬೆಲೆ ಲೀಟರಿಗೆ 450 ಅವರ ರೂಪಾಯಿ, ನಮ್ಮ ಲೆಕ್ಕದಲ್ಲಿ ನೂರು. ಆಗಿನ ಬೆಂಗಳೂರಿನ ದರವೇ ಸರಿ. ನಮಗೆ ಅದು ದುಬಾರಿಯೇ ಆಗಿರಲಿಲ್ಲ, ಆದರೆ ಕೊಳ್ಳೋಕೆ ನಮಗೆ ಕೋಡಿರಲಿಲ್ಲ.

ಆಗ ಕಾರು ಮಾಡಿಕೊಂಡು ಸುತ್ತೋಣ ಅಂದುಕೊಂಡವರ ಲೆಕ್ಕ ಹೀಗಿತ್ತು. ಕೊಲಂಬೊದಿಂದ ಕ್ಯಾಂಡಿ ಸುಮಾರು 115 ಕಿಲೋಮೀಟರ್, ಅಲ್ಲಿಂದ ನುವಾರ ಎಲಿಯ 75ಕ್ಕಿಂತ ಸ್ವಲ್ಪ ಹೆಚ್ಚು, ಅದೂ ಪೂರಾ ಘಾಟಿ. ವಾಪಸ್ ಕೊಲಂಬೊಗೆ ಮತ್ತೆ 170–180. ಒಟ್ಟು 360 ದಾಟುತ್ತೆ. 20 ಲೀಟರಿನಲ್ಲಿ ಘಾಟಿ ರಸ್ತೆಯಲ್ಲಿ 250 ಹೋದರೆ ಪುಣ್ಯ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿದ ಗಾಡಿಗಳಿಗೆ ಬೇರೆ ವ್ಯವಸ್ಥೆ ಇತ್ತು. ಅದಕ್ಕೇ ಗಾಡಿ ಗೊತ್ತು ಮಾಡುವಾಗ ಬಾಡಿಗೆ ಎಷ್ಟು ಅನ್ನೋದಕ್ಕಿಂತ ಮುಂಚೆ ಡೀಸೆಲ್ ಎಲ್ಲಿಂದ ತರ್ತೀರಿ ಅಂತ ಕೇಳಬೇಕಿತ್ತು. ಉತ್ತರ ತಡವರಿಸಿದರೆ ಬಿಟ್ಟುಬಿಡೋದೇ ಸರಿಯಾಗಿತ್ತು. ಸಿಗಿರಿಯದ ಬಂಡೆಕೋಟೆಯಲ್ಲಿ 2022ರಲ್ಲಿ ಸಾರ್ಕ್ ದೇಶದವರಿಗೆ ಟಿಕೆಟ್ ಅರ್ಧ ಬೆಲೆ ಇತ್ತು, ಪಾಸ್‌ಪೋರ್ಟ್ ತೋರಿಸಿದರೆ 15 ಡಾಲರ್. ನಾವು ಈ ದೂರದ ಲೆಕ್ಕಕ್ಕೇ ಅದನ್ನು ಕೈಬಿಟ್ಟೆವು.

ಕೊಲಂಬೊದಲ್ಲಿ ಹೆಚ್ಚು ಹೊತ್ತು ಕಳೆಯಲಿಲ್ಲ. ಗಾಲ್ ಫೇಸ್ ಮೈದಾನದಲ್ಲಿ ಅಧ್ಯಕ್ಷರ ವಿರುದ್ಧ ಕೂತಿದ್ದ ಹೋರಾಟಗಾರರ ಡೇರೆ ಒಂದೂ ಇರಲಿಲ್ಲ, ಹುಲ್ಲು ಸತ್ತು ಚೌಕ ಚೌಕವಾಗಿ ಮಣ್ಣು ಕಾಣ್ತಿತ್ತು. ಮಕ್ಕಳು ಗಾಳಿಪಟ ಬಿಡ್ತಿದ್ದರು. ವೆಳ್ಳವತ್ತೆಯಲ್ಲಿ ತಮಿಳರ ಸಸ್ಯಾಹಾರಿ ಹೋಟೆಲುಗಳಿವೆ, ಊಟಕ್ಕೆ ತೊಂದರೆಯಿಲ್ಲ. ಆದರೆ ಬೋರ್ಡಿನಲ್ಲಿರೋದೆಲ್ಲ ಆಗ ಸಿಗ್ತಿರಲಿಲ್ಲ. ಗ್ಯಾಸ್ ಆಗ ಬರ್ತಿತ್ತಂತೆ, ಆದರೂ ಉಳಿತಾಯ ಮಾಡ್ತಿದ್ದರು. ಸಂಜೆ ದೋಸೆ ಕೇಳಿದರೆ ಮಾಣಿ ಮೊದಲೇ ತಲೆಯಾಡಿಸಿ, ಇಡಿಯಪ್ಪ, ಪರಿಪ್ಪು, ಕಾಯಿ ಸಂಬೋಲ ಅಂತ ಒಂದೇ ಉಸಿರಿಗೆ ಹೇಳಿಬಿಟ್ಟ. ಏನಿದೆ ಅಂತ ಕೇಳೋದೇ ಮೇಲು.

ಕರೆಂಟ್ ಕಡಿತಕ್ಕೆ ಆಗ ಅಲ್ಲಿ ಒಂದು ಶಿಸ್ತಿತ್ತು. ದೇಶವನ್ನೆಲ್ಲ ಇಂಗ್ಲಿಷ್ ಅಕ್ಷರದ ಗುಂಪುಗಳಾಗಿ ಹಂಚಿದ್ದರು. ಯಾವ ಗುಂಪಿಗೆ ಯಾವಾಗ ಅನ್ನೋದು ಮೊದಲೇ ಪ್ರಕಟವಾಗ್ತಿತ್ತು. ಉಳಿಯುವ ಜಾಗ ಯಾವ ಗುಂಪಿಗೆ ಸೇರಿದ್ದು ಅಂತ ಹೋದ ತಕ್ಷಣ ಕೇಳಬೇಕಿತ್ತು. ನಾವಿದ್ದಾಗ ನೊರೊಚ್ಚೋಲೆಯ ಕಲ್ಲಿದ್ದಲು ಸ್ಥಾವರದ ಒಂದು ಘಟಕ ಕೆಟ್ಟು ಕಡಿತ 3 ಗಂಟೆಗೆ ಏರಿತ್ತು. ಹೊತ್ತು ಗೊತ್ತಿದ್ದರೆ ಮೂರು ಗಂಟೆ ದೊಡ್ಡದಲ್ಲ, ನಮ್ಮ ಹಳ್ಳಿಗಳಲ್ಲಿ ಇದಕ್ಕಿಂತ ಜಾಸ್ತಿ ನೋಡಿದ್ದೀವಿ. ತೊಂದರೆ ಆಗೋದು ಬೇರೆ ಕಡೆ. ಕರೆಂಟ್ ಹೋದರೆ ಅಂಗಡಿಯ ಕಾರ್ಡ್ ಮಷಿನ್ ಸತ್ತಿರುತ್ತೆ, ಎಟಿಎಂ ನಿಂತಿರುತ್ತೆ, ಸ್ವಲ್ಪ ಹೊತ್ತಾದರೆ ಮೊಬೈಲ್ ಸಿಗ್ನಲ್ಲೂ ಬಡವಾಗುತ್ತೆ. ಬುಕಿಂಗ್, ನಕ್ಷೆ, ಟಿಕೆಟ್ ಎಲ್ಲವನ್ನೂ ಫೋನಿನಲ್ಲಿ ಉಳಿಸಿಟ್ಟುಕೊಳ್ಳಿ, ಒಂದು ಪ್ರತಿ ಕಾಗದದಲ್ಲೂ ಇರಲಿ. ಪವರ್ ಬ್ಯಾಂಕ್, ಟಾರ್ಚ್ ಕಡ್ಡಾಯ.

ಕ್ಯಾಂಡಿಗೆ ರೈಲು. ಎರಡನೇ ದರ್ಜೆ ಸೀಟು ಮೊದಲೇ ಕಾದಿರಿಸಿದ್ದೆವು. ಬೆಳಿಗ್ಗೆ ಕೋಟೆ ನಿಲ್ದಾಣಕ್ಕೆ ಹೋದರೆ ಆ ರೈಲೇ ರದ್ದು. ಸಿಬ್ಬಂದಿಗೆ ಕೆಲಸಕ್ಕೆ ಬರೋಕೆ ಪೆಟ್ರೋಲಿಲ್ಲ ಅಂತ ಪಕ್ಕದಲ್ಲಿ ನಿಂತವರು ಹೇಳಿದರು. ನಿಜವೋ ಸುಳ್ಳೋ, ಫಲಕದಲ್ಲಿ ಕಾರಣ ಇರಲಿಲ್ಲ. ದುಡ್ಡು ವಾಪಸ್ ಪಡೆಯೋಕೆ ಒಂದು ಸಾಲು, ಮುಂದಿನ ರೈಲಿನ ಕಾದಿರಿಸದ ಟಿಕೆಟಿಗೆ ಇನ್ನೊಂದು. ಅಮ್ಮನನ್ನು ಒಂದರಲ್ಲಿ ನಿಲ್ಲಿಸಿ ನಾನು ಇನ್ನೊಂದರಲ್ಲಿ ನಿಂತೆ. ಜನ ಬಸ್ಸು, ಕಾರು ಬಿಟ್ಟು ರೈಲಿಗೇ ಬಂದಿದ್ದಾರೆ, ಬಾಗಿಲಿನಲ್ಲಿ ಕಾಲಿಡೋಕೂ ಜಾಗವಿಲ್ಲ. ಒಳಗೆ ಒಬ್ಬಾಕೆ ತನ್ನ ಮಗನನ್ನು ಎಬ್ಬಿಸಿ ಅಮ್ಮನನ್ನು ಕೂರಿಸಿಕೊಂಡಳು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರಲ್ಲ, ಆದರೂ ಕ್ಯಾಂಡಿ ಹತ್ತಿರದ ಪೇರಾದೆನಿಯ ಬರೋಷ್ಟರಲ್ಲಿ ಯಾರಿಗೆ ಎಷ್ಟು ಮೊಮ್ಮಕ್ಕಳು ಅನ್ನೋ ಲೆಕ್ಕವೆಲ್ಲ ಆಗಿತ್ತು.

ನಿಮ್ಮ ಪಟ್ಟಿಯಲ್ಲಿ ರೈಲಿಗೆ ಒಂದಿಡೀ ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ವಿಮಾನ ಹತ್ತುವ ದಿನವೇ ಬೆಟ್ಟದಿಂದ ರೈಲಿನಲ್ಲಿ ಇಳಿಯೋ ಯೋಚನೆ ಬೇಡವೇ ಬೇಡ.

ಕ್ಯಾಂಡಿಯ ಮನೆಯಲ್ಲಿ ಎದುರಾದದ್ದು ನಾನು ಊಹಿಸದೇ ಇದ್ದ ಸಂಗತಿ. ಫೆಬ್ರವರಿಯಲ್ಲಿ ರಾತ್ರಿಗೆ 9,000 ಅವರ ರೂಪಾಯಿ ಅಂತ ಬುಕ್ ಮಾಡಿದ್ದೆ. ಆಗ ಅದು 45 ಡಾಲರ್, ನಾವು ಹೋದಾಗ 25. ಮನೆಯಾಕೆ ಬಾಯಿಬಿಟ್ಟು ಏನೂ ಕೇಳಲಿಲ್ಲ. ಚಹಾ ತಂದಿಟ್ಟಳು, ಹಾಲಿಲ್ಲದ ಚಹಾ, ಜೊತೆಗೆ ಕಚ್ಚಿಕೊಳ್ಳೋಕೆ ಬೆಲ್ಲದ ಚೂರು. ಫ್ರಿಜ್ಜಿನ ಮೇಲೆ ಶಾಲೆಯ ನೋಟ್‌ಬುಕ್ ಒಂದಿತ್ತು. ಅದರಲ್ಲಿ ಎಡಗಡೆ ಕರೆಂಟ್ ಹೋಗೋ ಹೊತ್ತು, ಬಲಗಡೆ ದಿನದಿನದ ಸಾಮಾನಿನ ಬೆಲೆ, ಬೇಳೆ, ಮೊಟ್ಟೆ, ಸಕ್ಕರೆ. ಬೇಳೆಯ ಅಂಕಿಯನ್ನು ಹೊಡೆದು ಹೊಡೆದು ಮೇಲೆ ಬರೆದಿದ್ದಳು, ಕೊನೆಗೆ ಜಾಗ ಸಾಲದೆ ಅಂಚಿಗೆ ಹೋಗಿತ್ತು. ಗಂಡ, ನಿವೃತ್ತ ನೌಕರ, ಬಹಳ ಸಂಕೋಚದಿಂದ ಬೆಲೆ ಏರಿಸೋ ವಿಷಯ ಎತ್ತಿದರು. ಬುಕಿಂಗ್ ಪ್ರಕಾರ ನಾವು 9,000 ಕೊಟ್ಟರೆ ಅವರು ಏನೂ ಅನ್ನೋ ಹಾಗಿರಲಿಲ್ಲ. ನಾನು ಒಳಗೆ ಬಂದು ಅಮ್ಮನಿಗೆ ಹೇಳಿದೆ.

"ನಮಗೇನು ನಷ್ಟ ಆಗಿಲ್ವಲ್ಲೇ, ಅವರು ಇವತ್ತಿನ ಬೆಲೆಗೆ ತಾನೇ ಬೇಳೆ ತರ್ಬೇಕು?" ಅಂದಳು.

"ಹಂಗಂತ ಹಳೇ ಡಾಲರ್ ಲೆಕ್ಕಕ್ಕೆ ಕೊಡೋಕಾಗುತ್ತೇನಮ್ಮಾ, ಬೇರೆ ಕಡೆ ಇದಕ್ಕಿಂತ ಕಮ್ಮಿಗೆ ಸಿಗುತ್ತೆ."

"ಮಧ್ಯ ಎಲ್ಲಾದ್ರೂ ನಿಲ್ಸು."

12,000ಕ್ಕೆ ನಿಂತಿತು, ಡಾಲರಿನಲ್ಲಿ ಕೊಟ್ಟೆವು. ನನ್ನ ಅಭಿಪ್ರಾಯದಲ್ಲಿ ಇದು ನ್ಯಾಯದ ಬೆಲೆ. ನೀವು ಬೇರೆ ಥರ ಯೋಚಿಸಬಹುದು. ಆದರೆ ಹೊರಡೋ ಮೊದಲೇ ಸಂದೇಶ ಕಳಿಸಿ ಬೆಲೆ ಎಷ್ಟು, ಯಾವ ಹಣದಲ್ಲಿ, ಯಾವ ದಿನದ ದರದಲ್ಲಿ ಅಂತ ಖಚಿತ ಮಾಡಿಕೊಂಡರೆ ಇಬ್ಬರ ಮುಖಕ್ಕೂ ಮುಜುಗರವಿಲ್ಲ. ದೊಡ್ಡ ಹೋಟೆಲುಗಳು ಆಗ ವಿದೇಶಿಯರ ಹತ್ತಿರ ಡಾಲರೇ ಕೇಳ್ತಿದ್ದವು, ಅದನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ನಂದಿನಿ ಪ್ಯಾಕೆಟ್ ಆ ಮನೆಯಲ್ಲೇ ಉಳಿಯಿತು. ಸಿರಪ್ ಬಾಟಲಿಗಳು ಬಂದ ರಾತ್ರಿಯೇ ಪಕ್ಕದ ಮನೆಗೆ ಹೋದವು.

ನಾನು ಊರಿನ ಔಷಧಿ ಅಂಗಡಿಯೊಂದರಲ್ಲಿ ಸುಮ್ಮನೆ ಅಮ್ಮನ ಥೈರಾಯ್ಡ್ ಮಾತ್ರೆಯ ಹಾಳೆ ತೋರಿಸಿ ವಿಚಾರಿಸಿದೆ. ಈ ಕಂಪನಿಯದ್ದಿಲ್ಲ, ಬೇರೆ ಇದೆ, ಅದೂ ಹತ್ತು ಮಾತ್ರೆ ಮಾತ್ರ ಕೊಡ್ತೀನಿ ಅಂದ. ನಮ್ಮ ಹತ್ತಿರ ಇದ್ದದ್ದರಿಂದ ಕೊಳ್ಳಲಿಲ್ಲ. ಹೊರಗಿನಿಂದ ಬಂದವರು ಅಲ್ಲಿಯ ಹತ್ತು ಮಾತ್ರೆಗೆ ಕೈಹಾಕೋದು ಸರಿಯೂ ಅಲ್ಲ.

ಕ್ಯಾಂಡಿಯಿಂದ ಬೆಟ್ಟದ ರೈಲಿನಲ್ಲಿ ಹೋಗಿ ‘ನಾನು ಓಯಾ’ ಅನ್ನೋ ನಿಲ್ದಾಣದಲ್ಲಿ ಇಳಿದರೆ ನುವಾರ ಎಲಿಯ ಎಂಟು ಕಿಲೋಮೀಟರ್ ಅಷ್ಟೆ. ಈ ಕಡೆ ಚಹಾ ತೋಟದ ತಮಿಳರು ಹೆಚ್ಚು, ಬೆಂಗಳೂರಿನಲ್ಲಿ ಕಲಿತ ಹರಕು ತಮಿಳು ಚಿನ್ನದಂತೆ ಚಲಾವಣೆಯಾಯಿತು. ನಮಗೆ ಸಿಕ್ಕ ವ್ಯಾನ್ ಚಾಲಕ ಕ್ಯೂಆರ್ ಕೋಡನ್ನು ಲ್ಯಾಮಿನೇಟ್ ಮಾಡಿಸಿ ಕೀಲಿ ಗೊಂಚಲಿಗೇ ಕಟ್ಟಿಕೊಂಡಿದ್ದ. ಬಂಕಿನ ಹುಡುಗ ಫೋನಿನಲ್ಲಿ ಅದನ್ನು ಹಿಡಿದು ನೋಡಿ ಆರು ಅಂದ. ವಾರ ಮುಗಿಯೋಕೆ ಇನ್ನೂ ದಿನಗಳಿದ್ದವು, ಉಳಿದದ್ದು ಆರೇ ಲೀಟರು. ಜುಲೈನಲ್ಲಿ ಕಾಳಸಂತೆಯಲ್ಲಿ ಲೀಟರಿಗೆ ಎರಡು ಸಾವಿರ ಕೊಟ್ಟಿದ್ದೀನಿ ಅಂತ ಅವನೇ ಹೇಳಿದ. ಅವನದ್ದು ಸ್ವಲ್ಪ ತರಕಾರಿ ಜಮೀನೂ ಇದೆ. 2021ರಲ್ಲಿ ಸರ್ಕಾರ ರಾತ್ರೋರಾತ್ರಿ ರಾಸಾಯನಿಕ ಗೊಬ್ಬರ ನಿಷೇಧಿಸಿದಾಗ ಲೀಕ್ಸ್ ಗಿಡ ಬೆರಳುಗಾತ್ರ ದಾಟಲಿಲ್ಲವಂತೆ. ಕೆಲವೇ ತಿಂಗಳಲ್ಲಿ ನಿಷೇಧ ವಾಪಸ್ ತೆಗೆದರು, ಆದರೆ ಅಷ್ಟೊತ್ತಿಗೆ ಗೊಬ್ಬರ ತರಿಸೋಕೆ ದೇಶದಲ್ಲಿ ಡಾಲರ್ ಇರಲಿಲ್ಲ. ಅಧ್ಯಕ್ಷರ ಮೇಲೆ ಅವನಿಗಿದ್ದ ಸಿಟ್ಟೆಲ್ಲ ಆ ಗೊಬ್ಬರದ್ದೇ.

ವಾಪಸ್ ಬರುವಾಗ ಇಳಿಜಾರಿನಲ್ಲಿ ಅವನು ಎಂಜಿನ್ ಆಫ್ ಮಾಡಿಬಿಟ್ಟ. ವ್ಯಾನು ಸದ್ದಿಲ್ಲದೆ ಜಾರತೊಡಗಿದ್ದೇ ಅಮ್ಮನಿಗೆ ಗೊತ್ತಾಯಿತು, "ಲೋ ತಮ್ಮಾ, ಗಾಡಿ ಶುರು ಮಾಡೋ ಮೊದ್ಲು!" ಅಂತ ಕನ್ನಡದಲ್ಲೇ ಗದರಿದಳು. ಅವನಿಗೆ ಅರ್ಥವಾಯಿತು. ಘಾಟಿಯಲ್ಲಿ ಹೀಗೆ ಮಾಡಿದರೆ ಬ್ರೇಕ್ ಪೆಡಲ್ ಗಟ್ಟಿಯಾಗಿ ಸರಿಯಾಗಿ ಹಿಡಿಯಲ್ಲ, ನೀವೂ ಬಿಡಬೇಡಿ, ಬೇಕಾದರೆ ಇನ್ನೈನೂರು ಹೆಚ್ಚು ಕೊಡಿ.

ಸೀತಾ ಎಲಿಯ ದೇವಸ್ಥಾನದ ಬಗ್ಗೆ ಹೆಚ್ಚು ಬರೆಯಲ್ಲ. ತೊರೆ, ಅದರ ಪಕ್ಕದ ಬಂಡೆಯಲ್ಲಿ ಹನುಮಂತನ ಹೆಜ್ಜೆ ಅಂತ ತೋರಿಸುವ ಗುಳಿಗಳು, ಹಿಂದೆ ಕಾಡು. ಭಾರತದಿಂದ ಬಂದವರು ನಾವಿಬ್ಬರೇ ಇದ್ದೆವು. ಅಮ್ಮ ತೃಪ್ತಿಯಾಗುವಷ್ಟು ಹೊತ್ತು ಕೂತಳು. ಅಲ್ಲಿ ಚಳಿ ಇದೆ, ಸ್ವೆಟರ್ ಒಯ್ಯಿರಿ.

ಹೊರಡುವ ಹಿಂದಿನ ರಾತ್ರಿ ಕ್ಯಾಂಡಿಯಲ್ಲಿ ನಮ್ಮ ದೇಶದ್ದೇ ಒಂದು ಕೆಲಸ ಬಾಕಿ ಇತ್ತು. ಕೋವಿಡ್ ಕಾರಣಕ್ಕೆ ಆಗ ಭಾರತಕ್ಕೆ ವಾಪಸ್ ಬರೋಕೆ ಆನ್‌ಲೈನಿನಲ್ಲಿ ಏರ್ ಸುವಿಧಾ ಅನ್ನೋ ಅರ್ಜಿ ತುಂಬಿ ಲಸಿಕೆ ಪ್ರಮಾಣಪತ್ರ ಹಾಕಬೇಕಿತ್ತು. ನನ್ನದು ಸಲೀಸಾಗಿ ಹೋಯಿತು. ಅಮ್ಮನ ಪಾಸ್‌ಪೋರ್ಟ್ ಪುಟ ಏರಿಸುವಷ್ಟರಲ್ಲಿ ನಮ್ಮ ಗುಂಪಿನ ಸರದಿ ಬಂದು ಕರೆಂಟ್ ಹೋಯಿತು, ಆಮೇಲೆ ನೆಟ್ಟೂ ಹೋಯಿತು. ಕರೆಂಟ್ ಬಂದ ಮೇಲೆ ಮೊದಲಿನಿಂದ ತುಂಬಿದೆ. ವಿಮಾನ ನಿಲ್ದಾಣದಲ್ಲಿ ಬ್ಯಾಗು ಕೊಡುವಾಗ ಇದನ್ನೇ ಮೊದಲು ಕೇಳಿದರು, ಇಲ್ಲದ ಒಂದು ಸಂಸಾರ ಪಕ್ಕದಲ್ಲಿ ನೆಲದ ಮೇಲೆ ಕೂತು ಫೋನಿನಲ್ಲಿ ತುಂಬ್ತಿತ್ತು. ಹಗಲಿನಲ್ಲೇ ಮುಗಿಸಬೇಕಿತ್ತು.

ಕ್ಯಾಂಡಿಯಿಂದ ಕಟುನಾಯಕಕ್ಕೆ ಮಾತ್ರ ಕಾರು ಮಾಡಿದೆವು. ಚಾಲಕನಿಗೆ ಮುಂಚೆಯೇ ಹೇಳಿಟ್ಟದ್ದರಿಂದ ತನ್ನ ವಾರದ ಪಾಲನ್ನು ನಮಗಾಗಿ ಉಳಿಸಿಟ್ಟಿದ್ದ. 25,000 ಆಯಿತು, ನಮ್ಮ ಐದೂವರೆ ಸಾವಿರ. ಇಡೀ ಪ್ರವಾಸದಲ್ಲಿ ಒಂದೇ ಏಟಿಗೆ ಹೋದ ದೊಡ್ಡ ಖರ್ಚು ಇದು, ಒಂದು ರೂಪಾಯಿಯೂ ದಂಡ ಅನ್ನಿಸಲಿಲ್ಲ. ರಾತ್ರಿಯ ವಿಮಾನಕ್ಕೆ ಮಧ್ಯಾಹ್ನವೇ ಹೊರಟೆವು.

ಉಳಿದ ಅವರ ರೂಪಾಯಿಯನ್ನು ವಾಪಸ್ ಬದಲಾಯಿಸಿಕೊಳ್ಳಬೇಕಂದ್ರೆ ಮೊದಲು ಬದಲಾಯಿಸಿದ ರಸೀದಿ ಬೇಕು. ನನ್ನ ಹತ್ತಿರ ಇತ್ತು. ಆದರೂ ಮೊದಲ ಕೌಂಟರಿನಲ್ಲಿ ಡಾಲರೇ ಇಲ್ಲ ಅಂದರು, ಎರಡನೆಯದರಲ್ಲಿ ಕೊಡುವ ದರ ಕೇಳಿ ನಾನೇ ಬೇಡ ಅಂದೆ. ಒಳಗಿನ ಅಂಗಡಿಯಲ್ಲಿ ಅಮ್ಮ ಒಂದಷ್ಟು ಚಹಾಪುಡಿ ಕೊಂಡಳು, ಅಲ್ಲಿಯ ಬೆಲೆಗಳೂ ಡಾಲರಿನಲ್ಲೇ ಇದ್ದವು. ಬೆಂಗಳೂರಿನಲ್ಲಿ ಡಾಲರ್ ಕೊಟ್ಟ ಅಂಗಡಿಯವನಿಗೇ ಉಳಿದ ನೋಟು ತೋರಿಸಿದೆ, ಮುಟ್ಟಿಯೂ ನೋಡಲಿಲ್ಲ. ಬಸ್ಸಿಗೂ ಮೊದಲ ದಿನದ ಊಟಕ್ಕೂ ಸಾಲುವಷ್ಟಿದೆ, ಎಲ್ಲ ಸಣ್ಣ ನೋಟು. ಹೋಗುವವರು ಹೇಳಿ, ಆವತ್ತಿನ ಬ್ಯಾಂಕ್ ದರಕ್ಕೇ ಕೊಡ್ತೀನಿ. ಕ್ಯಾಂಡಿಯ ಮನೆಯಾಕೆ ಮತ್ತೆ ಸಂದೇಶ ಕಳಿಸಿದ್ದಾಳೆ, ಬರುವವರಿದ್ದರೆ ಸಿರಪ್ ಇನ್ನೆರಡು ಬಾಟಲಿ ಬೇಕಂತೆ.